ಒಂದೇ ಗಲ್ಲಾಪೆಟ್ಟಿಗೆ, ಮೂರು ಬಗೆಯ ಲೆಕ್ಕ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಒಂದು ಕುಟುಂಬದ ಬದುಕು ಒಂದೇ ಆದಾಯದ ಮೇಲೆ ನಿಂತಿರುವುದು ಕಡಿಮೆ. ಚನ್ನರಾಯಪಟ್ಟಣದ ಸುತ್ತ ತೆಂಗಿನ ತೋಟವಿದ್ದವರೇ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿಯನ್ನೋ ಗೊಬ್ಬರದ ಅಂಗಡಿಯನ್ನೋ ನಡೆಸುತ್ತಾರೆ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರಲ್ಲಿ ಕೆಲವರು ರಾಮನಾಥಪುರದ ಹರಾಜು ಮಾರುಕಟ್ಟೆಯಿಂದ ಬಂದ ಹಣದಲ್ಲಿ ಹಾಸನದಲ್ಲಿ ನಿವೇಶನ ಕೊಂಡು, ಕೆಳಗೆ ಎರಡು ಮಳಿಗೆ ಮೇಲೆ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿರುತ್ತಾರೆ. ತೋಟದ ಹಣ, ಅಂಗಡಿಯ ಹಣ ಮತ್ತು ಬಾಡಿಗೆಯ ಹಣ ಮೂರೂ ಬಂದು ಸೇರುವುದು ಒಂದೇ ಗಲ್ಲಾಪೆಟ್ಟಿಗೆಗೆ, ಇತ್ತೀಚೆಗಂತೂ ಒಂದೇ ಫೋನಿನಲ್ಲಿರುವ ಒಂದೇ ಬ್ಯಾಂಕ್ ಖಾತೆಗೆ. ತೆರಿಗೆಯ ಕಾನೂನು ಮಾತ್ರ ಈ ಮೂರನ್ನೂ ಮೂರು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗುತ್ತದೆ. ಸಣ್ಣ ವ್ಯಾಪಾರಿಗಳಿಗೂ ಮನೆ ಮಾಲೀಕರಿಗೂ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ತೆರಿಗೆಯ ದರದಿಂದಲ್ಲ, ಈ ಮೂರು ಹಣಗಳನ್ನು ಬೇರ್ಪಡಿಸಿ ಬರೆದಿಡದೇ ಇರುವುದರಿಂದ.

ಇದು ಎಷ್ಟು ದೂರ ಹೋಗಬಹುದೆಂಬುದು 2025ರ ಜುಲೈನಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ವಿವರವನ್ನು ಪಡೆದು, ಸರಕು ಮತ್ತು ಸೇವಾ ತೆರಿಗೆಯ (ಜಿಎಸ್‌ಟಿ) ನೋಂದಣಿ ಇಲ್ಲದೆಯೂ ಮಿತಿಗಿಂತ ಹೆಚ್ಚು ಹಣ ಸ್ವೀಕರಿಸಿದ್ದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿಗಳವರಿಗೆ ನೋಟಿಸ್ ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ದೇಶದಾದ್ಯಂತ ಸುದ್ದಿಯಾಯಿತು. ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ವರ್ತಕರು ಜುಲೈ 25ಕ್ಕೆ ಕರೆ ಕೊಟ್ಟಿದ್ದ ಬಂದ್, ಮುಖ್ಯಮಂತ್ರಿ ಸಿದ್ದರಾಮಯ್ಯನವರೊಂದಿಗಿನ ಸಭೆಯ ನಂತರ ರದ್ದಾಯಿತು. ವಿನಾಯಿತಿ ಇರುವ ಸರಕುಗಳಿಗೆ ತೆರಿಗೆ ಕೇಳುವುದಿಲ್ಲ, ಆದರೆ ಅರ್ಹರಾದವರೆಲ್ಲ ನೋಂದಣಿ ಮಾಡಿಸಲೇಬೇಕು ಎಂಬುದು ಆಗ ಸರ್ಕಾರ ಹೇಳಿದ ಮಾತಿನ ಸಾರ. ಹಾಸನದವರಿಗೆ ಈ ಸುದ್ದಿ ದೂರದ್ದಾಗಿರಲಿಲ್ಲ, ಏಕೆಂದರೆ ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಪರಂಪರೆಯ ಬೇರು ಇರುವುದೇ ಈ ಜಿಲ್ಲೆಯಲ್ಲಿ, ಮತ್ತು ಈ ತಾಲ್ಲೂಕುಗಳಿಂದ ಹೋಗಿ ಬೇಕರಿ ಇಟ್ಟವರು ರಾಜಧಾನಿಯಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ.

ಆ ಗಲಾಟೆಯ ತಳದಲ್ಲಿ ಇದ್ದದ್ದು ಮೂರು ಪದಗಳ ಗೊಂದಲ. ವರ್ಷವಿಡೀ ಮಾರಾಟದಿಂದ ಬಂದ ಒಟ್ಟು ಹಣ ವಹಿವಾಟು. ಅದರಲ್ಲಿ ಸರಕಿನ ಬೆಲೆ, ಕೂಲಿ, ಅಂಗಡಿ ಬಾಡಿಗೆ, ವಿದ್ಯುತ್ ಮುಂತಾದ ಖರ್ಚು ಕಳೆದು ಉಳಿಯುವುದು ಲಾಭ. ಆ ಲಾಭದಲ್ಲಿ ಕಾನೂನು ಒಪ್ಪುವ ಕಡಿತಗಳು ಹೋಗಿ ಉಳಿದದ್ದು ತೆರಿಗೆಗೆ ಒಳಪಡುವ ಆದಾಯ. ಜಿಎಸ್‌ಟಿ ನೋಡುವುದು ವಹಿವಾಟನ್ನು, ಆದಾಯ ತೆರಿಗೆ ನೋಡುವುದು ಲಾಭವನ್ನು. ಯುಪಿಐ ಖಾತೆಗೆ ಬಂದದ್ದೆಲ್ಲ ಇವೆರಡರಲ್ಲಿ ಯಾವುದೂ ಆಗಿರಬೇಕಾಗಿಲ್ಲ: ಭಾವಮೈದುನ ತೀರಿಸಿದ ಕೈಸಾಲ, ಮಗಳು ಬೆಂಗಳೂರಿನಿಂದ ಕಳುಹಿಸಿದ ಹಣ, ಚೀಟಿ ಎತ್ತಿದ ಮೊತ್ತ ಎಲ್ಲವೂ ಅದೇ ಖಾತೆಯಲ್ಲಿ ಕುಳಿತಿರುತ್ತವೆ. ಆದರೆ ಇದು ಮಾರಾಟವಲ್ಲ ಎಂದು ತೋರಿಸಿಕೊಡಬೇಕಾದವನು ಖಾತೆಯ ಒಡೆಯನೇ, ಮತ್ತು ನಾಲ್ಕು ವರ್ಷ ಹಳೆಯ ಪಾವತಿಯನ್ನು ನೆನಪಿನಿಂದ ವಿವರಿಸುವುದು ಯಾರಿಗೂ ಆಗುವ ಕೆಲಸವಲ್ಲ.

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯ ಪ್ರಕಾರ, ಕರ್ನಾಟಕದಲ್ಲಿ ಕೇವಲ ಸರಕು ಮಾರುವವರು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ ನೋಂದಣಿ ಮಾಡಿಸಬೇಕು. ಸೇವೆ ಒದಗಿಸುವವರಿಗೆ ಈ ಮಿತಿ 20 ಲಕ್ಷ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು, ಅಂದರೆ ತಾಜಾ ತರಕಾರಿ, ಹಾಲು, ಮೊಟ್ಟೆಯಂಥವನ್ನು ಮಾರುವವರು, ಎಷ್ಟೇ ವಹಿವಾಟು ಮಾಡಿದರೂ ನೋಂದಣಿಯ ಅಗತ್ಯವಿಲ್ಲ. ತನ್ನ ಜಮೀನಿನ ಬೆಳೆಯನ್ನು ತಾನೇ ಮಾರುವ ರೈತನಿಗೂ ಇಲ್ಲ. ಆದರೆ ಅಂಗಡಿಯಲ್ಲಿ ತೆರಿಗೆಯುಳ್ಳ ಒಂದೆರಡು ಸರಕು ಸೇರಿದೊಡನೆ ಚಿತ್ರ ಬದಲಾಗುತ್ತದೆ, ಏಕೆಂದರೆ ಮಿತಿಯನ್ನು ಅಳೆಯುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವೂ ಒಟ್ಟು ವಹಿವಾಟಿಗೆ ಸೇರುತ್ತದೆ. ಹಾಸನದ ಆಲೂಗೆಡ್ಡೆಗೆ ಜಿಎಸ್‌ಟಿ ಇಲ್ಲ, ಅದೇ ಆಲೂಗೆಡ್ಡೆಯ ಪ್ಯಾಕೆಟ್ ಚಿಪ್ಸ್‌ಗೆ ಇದೆ. ತೆಂಗಿನಕಾಯಿಗೆ ಇಲ್ಲ, ಕೊಬ್ಬರಿಗೆ ಇದೆ. ಹೀಗೆ 38 ಲಕ್ಷದ ಆಲೂಗೆಡ್ಡೆ, ಈರುಳ್ಳಿಯ ಜೊತೆಗೆ 3 ಲಕ್ಷದ ಚಿಪ್ಸ್ ಮಾರಿದವನು 41 ಲಕ್ಷದ ವಹಿವಾಟಿನವನಾಗಿ ನೋಂದಣಿಗೆ ಒಳಪಡುತ್ತಾನೆ, ತೆರಿಗೆ ಬೀಳುವುದು 3 ಲಕ್ಷದ ಮೇಲೆ ಮಾತ್ರವಾದರೂ.

ಬೇಕರಿಯ ಲೆಕ್ಕ ಇನ್ನೂ ಸೂಕ್ಷ್ಮ. ಬ್ರೆಡ್ಡಿಗೆ ತೆರಿಗೆ ಇಲ್ಲ. ಕೇಕ್, ಪೇಸ್ಟ್ರಿ, ಬಿಸ್ಕತ್ತುಗಳ ಮೇಲೆ ಮೊದಲು ಶೇ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಆದ್ದರಿಂದ ದಿನದ ಮಾರಾಟವನ್ನು ಒಂದೇ ಮೊತ್ತವಾಗಿ ಬರೆದಿಟ್ಟ ಬೇಕರಿಯವರು ಬ್ರೆಡ್ಡಿನ ಪಾಲು ಎಷ್ಟೆಂದು ಹೇಳಲಾರದೆ, ತೆರಿಗೆ ಇಲ್ಲದ ಸರಕಿಗೂ ತೆರಿಗೆ ಕಟ್ಟುವ ಸ್ಥಿತಿಗೆ ಬರುತ್ತಾರೆ. ಸಣ್ಣ ವರ್ತಕರಿಗಾಗಿ ಇರುವ ರಾಜಿ ತೆರಿಗೆ ಪದ್ಧತಿ, ಅಂದರೆ ಎಲ್ಲರೂ ‘ಕಾಂಪೋಸಿಷನ್’ ಎಂದೇ ಕರೆಯುವ ಯೋಜನೆ, ಒಂದೂವರೆ ಕೋಟಿಯವರೆಗೆ ವಹಿವಾಟಿರುವವರಿಗೆ ಸಿಗುತ್ತದೆ: ವ್ಯಾಪಾರಿಗೂ ತಯಾರಕನಿಗೂ ಶೇ 1, ಕುಳಿತು ತಿನ್ನುವ ಹೋಟೆಲಿಗೆ ಶೇ 5, ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ವಿವರಪಟ್ಟಿ. ಹೊಳೆನರಸೀಪುರದಲ್ಲಿ ತೆರಿಗೆಯುಳ್ಳ ಸರಕನ್ನೇ 60 ಲಕ್ಷಕ್ಕೆ ಮಾರುವ ಪಾತ್ರೆ ಅಂಗಡಿಯವರು ಹೀಗೆ ವರ್ಷಕ್ಕೆ 60,000 ರೂಪಾಯಿ ಕಟ್ಟಿ ನಿಶ್ಚಿಂತರಾಗಬಹುದು. ಇದಕ್ಕೆ ಪ್ರತಿಯಾಗಿ ಗ್ರಾಹಕನಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ತಾವು ಕೊಟ್ಟ ತೆರಿಗೆಯನ್ನು ಹಿಂದಕ್ಕೆ ಹೊಂದಿಸಿಕೊಳ್ಳುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಇಲ್ಲಿಯೂ ಒಂದು ಒಳಸುಳಿಯಿದೆ: ಕೊಂಡು ಮಾರುವ ವ್ಯಾಪಾರಿಗೆ ಶೇ 1 ಬೀಳುವುದು ತೆರಿಗೆಯುಳ್ಳ ಸರಕಿನ ಮೇಲಷ್ಟೇ, ಸ್ವತಃ ತಯಾರಿಸುವವನಿಗೆ ಇಡೀ ವಹಿವಾಟಿನ ಮೇಲೆ, ಆದ್ದರಿಂದ ಒಲೆಯಿಟ್ಟು ಬ್ರೆಡ್ ಬೇಯಿಸುವ ಬೇಕರಿಗೆ ಈ ಯೋಜನೆಯಲ್ಲಿ ಬ್ರೆಡ್ಡಿನ ವಿನಾಯಿತಿ ದಕ್ಕುವುದಿಲ್ಲ.

ಆದಾಯ ತೆರಿಗೆಯಲ್ಲಿಯೂ ಸಣ್ಣವರಿಗೆ ಇಂಥದೇ ಒಂದು ಸುಲಭದ ದಾರಿಯಿದೆ. ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ (ನಗದಾಗಿ ಬಂದದ್ದು ಶೇ 5 ಮೀರದಿದ್ದರೆ 3 ಕೋಟಿಯವರೆಗೆ), ಬ್ಯಾಂಕಿನ ಮೂಲಕ ಬಂದ ಹಣದ ಶೇ 6 ಮತ್ತು ನಗದಾಗಿ ಬಂದ ಹಣದ ಶೇ 8 ಲಾಭವೆಂದು ಊಹಿಸಿ ಅಷ್ಟನ್ನೇ ಘೋಷಿಸಬಹುದು. 30 ಲಕ್ಷದ ವಹಿವಾಟಿನಲ್ಲಿ 20 ಲಕ್ಷ ಯುಪಿಐ ಮತ್ತು ಚೆಕ್ಕಿನಿಂದ, 10 ಲಕ್ಷ ನಗದಿನಿಂದ ಬಂದಿದ್ದರೆ ಲಾಭ 1,20,000 ಮತ್ತು 80,000, ಒಟ್ಟು 2 ಲಕ್ಷ. ಕ್ಯೂಆರ್ ಕೋಡನ್ನು ಕಿತ್ತುಹಾಕಿ ನಗದಿಗೆ ಹಿಂತಿರುಗಿದವರು, ಕಾನೂನಿನ ಈ ಲೆಕ್ಕದಲ್ಲಿ, ಹೆಚ್ಚು ಲಾಭ ತೋರಿಸಬೇಕಾದವರ ಸಾಲಿಗೆ ತಾವಾಗಿಯೇ ಸೇರಿದಂತಾಯಿತು. ಈ ಪದ್ಧತಿಯನ್ನು ಆರಿಸಿಕೊಂಡು ನಡುವೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಅದಕ್ಕೆ ಅವಕಾಶವಿಲ್ಲ. ಕಮಿಷನ್ ವ್ಯವಹಾರಕ್ಕೆ ಇದು ಅನ್ವಯಿಸುವುದೇ ಇಲ್ಲವಾದ್ದರಿಂದ, ಎಪಿಎಂಸಿ ಪ್ರಾಂಗಣದಲ್ಲಿ ರೈತರ ಸರಕನ್ನು ದಲಾಲಿಗೆ ಮಾರಿಕೊಡುವ ಮಂಡಿಯವರು ಪೂರ್ಣ ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭವನ್ನೇ ತೋರಿಸಬೇಕು.

ನಗದಿನ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. ಪೂರ್ಣ ಲೆಕ್ಕ ಇಡುವ ವರ್ತಕನು ಒಬ್ಬರಿಗೇ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಾರಿಯವರಿಗಾದರೆ ಈ ಮಿತಿ 35,000. ಬೆಳೆ, ಹಾಲು, ಕೋಳಿ, ಮೀನುಗಳನ್ನು ಬೆಳೆದವರಿಂದಲೇ ನೇರವಾಗಿ ಕೊಂಡಾಗ ಈ ನಿರ್ಬಂಧವಿಲ್ಲ, ಅದೇ ತೆಂಗಿನಕಾಯಿಯನ್ನು ಮತ್ತೊಬ್ಬ ವ್ಯಾಪಾರಿಯಿಂದ ಕೊಂಡರೆ ಇದೆ. ಹೀಗಾಗಿ ಖರೀದಿ ಚೀಟಿಯಲ್ಲಿ ರೈತನ ಹೆಸರು, ಊರು, ಸಹಿ ಇರುವುದು ವರ್ತಕನಿಗೆ ಆಧಾರ. ಇದಕ್ಕಿಂತ ಬೇರೆಯಾದ ಇನ್ನೊಂದು ನಿಯಮ ಹಣ ಪಡೆಯುವವನನ್ನು ಹಿಡಿಯುತ್ತದೆ: ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ. ಬೆಳೆ ಮಾರುವ ರೈತನಿಗೂ ಇದರಿಂದ ರಿಯಾಯಿತಿ ಇಲ್ಲ.

ಇನ್ನು ಬಾಡಿಗೆ. ಕಟ್ಟಡದ ಬಾಡಿಗೆಯನ್ನು ಆದಾಯ ತೆರಿಗೆ ಕಾಯಿದೆಯು ‘ಮನೆ ಆಸ್ತಿಯಿಂದ ಬರುವ ಆದಾಯ’ ಎಂಬ ಬೇರೆಯೇ ಶೀರ್ಷಿಕೆಯಡಿ ಇರಿಸಿದೆ. ವರ್ಷದ ಬಾಡಿಗೆಯಿಂದ ಮಾಲೀಕನು ಆ ವರ್ಷ ನಿಜವಾಗಿ ಕಟ್ಟಿದ ಮನೆ ಕಂದಾಯವನ್ನು ಮೊದಲು ಕಳೆಯಬೇಕು. ಉಳಿದದ್ದರಲ್ಲಿ ಶೇ 30ನ್ನು ದುರಸ್ತಿ, ಸುಣ್ಣಬಣ್ಣ, ವಸೂಲಿ ಖರ್ಚು ಎಂದು ಕಾನೂನೇ ಬಿಟ್ಟುಕೊಡುತ್ತದೆ. ಆಮೇಲೆ ಕಟ್ಟಡಕ್ಕಾಗಿ ಮಾಡಿದ ಸಾಲದ ಬಡ್ಡಿಯನ್ನು ಕಳೆಯಬೇಕು. ಹಾಸನದ ಒಂದು ಕಟ್ಟಡದಿಂದ ವರ್ಷಕ್ಕೆ 3,60,000 ರೂಪಾಯಿ ಬಾಡಿಗೆ ಬಂದು, 12,000 ಕಂದಾಯ ಕಟ್ಟಿದ್ದರೆ ಉಳಿಯುವುದು 3,48,000. ಅದರ ಶೇ 30 ಎಂದರೆ 1,04,400 ಕಳೆದರೆ 2,43,600. ಬ್ಯಾಂಕ್ ಸಾಲದ ಬಡ್ಡಿ 1,50,000 ಇದ್ದರೆ ತೆರಿಗೆಗೆ ಲೆಕ್ಕ ಹಿಡಿಯಬೇಕಾದದ್ದು 93,600 ಮಾತ್ರ. ಪೇಂಟು, ನಲ್ಲಿ, ವೈರಿಂಗಿನ ಬಿಲ್ಲುಗಳನ್ನು ಕೂಡಿಡುವ ಶ್ರಮ ಇಲ್ಲಿ ವ್ಯರ್ಥ, ಏಕೆಂದರೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಶೇ 30 ಸಿಗುತ್ತದೆ, ಅರ್ಧ ಬಾಡಿಗೆ ಖರ್ಚಾದರೂ ಶೇ 30 ಮೀರಿ ಸಿಗುವುದಿಲ್ಲ. ಜೋಪಾನ ಮಾಡಬೇಕಾದದ್ದು ಎರಡೇ: ಕಂದಾಯದ ರಸೀದಿ ಮತ್ತು ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ. ಕಂದಾಯವು ಕಟ್ಟಿದ ವರ್ಷಕ್ಕೇ ಸೇರುವುದರಿಂದ, ನಾಲ್ಕು ವರ್ಷ ಬಾಕಿ ಉಳಿಸಿಕೊಂಡವರಿಗೆ ಆ ವರ್ಷಗಳ ಕಡಿತ ಆಗ ಸಿಗದು. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಸ್ಥಳೀಯ ಸಂಸ್ಥೆಗಳು ಕೊಡುವ ಶೇ 5ರ ರಿಯಾಯಿತಿಯೂ ತಪ್ಪುತ್ತದೆ.

ಹಳೆಯ ಮೈಸೂರಿನ ಊರುಗಳಲ್ಲಿ ಬಳಕೆಯಲ್ಲಿರುವ ಭೋಗ್ಯದ ಪದ್ಧತಿ ಈ ಲೆಕ್ಕಕ್ಕೆ ಸಲೀಸಾಗಿ ಒಗ್ಗುವುದಿಲ್ಲ. ಬಾಡಿಗೆಯೇ ಇಲ್ಲದೆ ಐದೋ ಆರೋ ಲಕ್ಷ ಮುಂಗಡ ಪಡೆದು ಮನೆ ಕೊಟ್ಟಾಗ, ಆ ಹಣ ಹಿಂದಿರುಗಿಸಬೇಕಾದದ್ದಾದ್ದರಿಂದ ಆದಾಯವಲ್ಲ ಎಂಬುದು ನಿಜ. ಆದರೆ ಅಂಥ ಮನೆಗೆ ಆ ಬೀದಿಯಲ್ಲಿ ಬರಬಹುದಾಗಿದ್ದ ನ್ಯಾಯವಾದ ಬಾಡಿಗೆಯನ್ನು ಕಾನೂನು ಗಣನೆಗೆ ತೆಗೆದುಕೊಳ್ಳುತ್ತದೆ, ಮುಂಗಡವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಬಡ್ಡಿಗೂ ಪ್ರತ್ಯೇಕವಾಗಿ ತೆರಿಗೆಯಿದೆ. ಸಾಲವಾಗಲಿ ಠೇವಣಿಯಾಗಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನೂ ಹಿಂದಿರುಗಿಸುವುದನ್ನೂ ಕಾಯಿದೆ ನಿಷೇಧಿಸಿರುವುದರಿಂದ ಭೋಗ್ಯದ ಹಣ ಬ್ಯಾಂಕಿನ ಮೂಲಕವೇ ಓಡಾಡುವುದು ಕ್ಷೇಮ. ಮನೆಯನ್ನು ಪತ್ನಿಯ ಹೆಸರಿಗೆ ಬರೆದರೆ ಬಾಡಿಗೆ ಅವರದಾಗಿ ತೆರಿಗೆ ತಪ್ಪುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಬೆಲೆ ಪಡೆಯದೆ ಪತ್ನಿಗೆ ಕೊಟ್ಟ ಮನೆಗೆ ತೆರಿಗೆಯ ಮಟ್ಟಿಗೆ ಗಂಡನೇ ಒಡೆಯ. ಅಣ್ಣತಮ್ಮಂದಿರು ಜಂಟಿಯಾಗಿ ಹೊಂದಿರುವ ಕಟ್ಟಡದಲ್ಲಿ ಪಾಲು ಇಂತಿಷ್ಟೆಂದು ನಿಗದಿಯಾಗಿದ್ದರೆ ಮಾತ್ರ ಅವರವರ ಪಾಲಿಗೆ ಅವರವರು ತೆರಿಗೆ ಕಟ್ಟಿದರಾಯಿತು.

ಬಾಡಿಗೆಗೆ ಜಿಎಸ್‌ಟಿಯೂ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ವಾಸಕ್ಕೆ ಕೊಟ್ಟ ಮನೆಗೆ ಸಾಮಾನ್ಯವಾಗಿ ಇಲ್ಲ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿರುವ ಹಾಸನದಲ್ಲಿ ಹೆಚ್ಚಾಗಿರುವ ಪಿಜಿಗಳಲ್ಲಿ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದೆ, ಕನಿಷ್ಠ 90 ದಿನ ಸತತವಾಗಿ ಉಳಿಯುವವರ ವಾಸ್ತವ್ಯಕ್ಕೂ ಇಲ್ಲ. ಮಳಿಗೆ, ಗೋದಾಮು, ಕಚೇರಿಗಳ ಬಾಡಿಗೆಗೆ ಶೇ 18 ಇದೆ. ಮಾಲೀಕ ನೋಂದಣಿ ಮಾಡಿಸಿರದೆ ಬಾಡಿಗೆದಾರ ಮಾತ್ರ ನೋಂದಾಯಿತನಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಕಾಂಪೋಸಿಷನ್‌ನಲ್ಲಿರುವ ಬಾಡಿಗೆದಾರರನ್ನು ಆನಂತರ ಇದರಿಂದ ಹೊರಗಿಟ್ಟಿದ್ದಾರೆ. ವಾಸದ ಮನೆಗಳಿಂದ 8 ಲಕ್ಷ, ಮಳಿಗೆಗಳಿಂದ 13 ಲಕ್ಷ ಬಾಡಿಗೆ ಬರುವ ಮಾಲೀಕನ ಒಟ್ಟು ವಹಿವಾಟು 21 ಲಕ್ಷವಾಗಿ ಅವನು ನೋಂದಣಿ ಮಾಡಿಸಬೇಕಾಗುತ್ತದೆ. ಅದಕ್ಕಿಂತಲೂ ಗಮನಿಸಬೇಕಾದದ್ದು ಅಂಗಡಿಯನ್ನೂ ನಡೆಸಿ ಮಳಿಗೆಯನ್ನೂ ಬಾಡಿಗೆಗೆ ಕೊಟ್ಟವನ ಸ್ಥಿತಿ: 40 ಲಕ್ಷದ ಮಿತಿ ಕೇವಲ ಸರಕು ಮಾರುವವರಿಗೆ, ಬಾಡಿಗೆ ಒಂದು ಸೇವೆ, ಆದ್ದರಿಂದ ಎರಡನ್ನೂ ಮಾಡುವವನಿಗೆ ಎರಡೂ ಸೇರಿ 20 ಲಕ್ಷ ದಾಟಿದೊಡನೆ ನೋಂದಣಿ ಅಗತ್ಯ. ಈ ತಾಲ್ಲೂಕುಗಳಲ್ಲಿ ಇಂಥವರೇ ಹೆಚ್ಚು.

ಬ್ಯಾಂಕಿಗೋ ದೊಡ್ಡ ಕಂಪನಿಗೋ ಕಟ್ಟಡ ಕೊಟ್ಟವರಿಗೆ, ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದರೆ, ಶೇ 10ನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮೂಲದಲ್ಲೇ ಕಡಿತವಾದ ಈ ಹಣ, ಅಂದರೆ ಟಿಡಿಎಸ್, ತೆರಿಗೆಯ ಮುಂಗಡವೇ ಹೊರತು ತೆರಿಗೆಯೇ ಅಲ್ಲ. ವಿವರಪಟ್ಟಿ ಸಲ್ಲಿಸಿದಾಗ ಅಂತಿಮ ತೆರಿಗೆ ಕಡಿಮೆಯಾದರೆ ಉಳಿದದ್ದು ಖಾತೆಗೆ ಮರಳುತ್ತದೆ. ವಿವರಪಟ್ಟಿ ಸಲ್ಲಿಸದವರಿಗೆ ಅದು ಮರಳುವುದಿಲ್ಲ.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು, ಅದರ ಗಡಿ ಎಲ್ಲಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆಳೆದ ಸರಕನ್ನು ಮಾರುಕಟ್ಟೆಗೆ ಒಯ್ಯಲು ಯೋಗ್ಯವಾಗಿಸಲು ರೈತನು ವಾಡಿಕೆಯಂತೆ ಮಾಡುವ ಸಂಸ್ಕರಣೆಯವರೆಗೆ, ಉದಾಹರಣೆಗೆ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದ ಮಾಡುವವರೆಗೆ, ಅದು ಕೃಷಿ. ಸಾಗುವಳಿಗೆ ಕೊಟ್ಟ ಜಮೀನಿನ ಗುತ್ತಿಗೆ ಹಣವೂ ಕೃಷಿ ಆದಾಯವೇ. ಅಕ್ಕಪಕ್ಕದ ತೋಟಗಳ ಕಾಯಿ ಕೊಂಡು ಮಾರಿದರೆ ಅದು ವ್ಯಾಪಾರ. ಇತರ ಆದಾಯ ಮೂಲ ವಿನಾಯಿತಿಯ ಮಿತಿಯನ್ನು ಮೀರಿ, ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ, ಕೃಷಿ ಆದಾಯಕ್ಕೆ ತೆರಿಗೆ ಬೀಳದಿದ್ದರೂ ಉಳಿದ ಆದಾಯಕ್ಕೆ ತಗಲುವ ದರವನ್ನು ನಿರ್ಧರಿಸಲು ಅದನ್ನು ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ತೋಟದ ಲೆಕ್ಕವನ್ನೂ ಬರೆದಿಡಬೇಕು. ಬ್ಯಾಂಕಿಗೆ ಕಟ್ಟಿದ ಹಣದ ಮೂಲ ಕೇಳಿದಾಗ ‘ಕಾಯಿ ಮಾರಿದ್ದು’ ಎಂಬ ಮಾತಿಗೆ ಪಹಣಿಯ ಜೊತೆಗೆ ಮಾರಾಟದ ಚೀಟಿಯೂ ಬೇಕಾಗುತ್ತದೆ.

ದರಗಳನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. 2025-26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಅಲ್ಲಿಂದ 8 ಲಕ್ಷದವರೆಗೆ ಶೇ 5, 12 ಲಕ್ಷದವರೆಗೆ ಶೇ 10, ಹೀಗೆ ಏರುತ್ತ 24 ಲಕ್ಷ ಮೀರಿದ ಭಾಗಕ್ಕೆ ಶೇ 30. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ ವಿಶೇಷ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಈ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಹಿಂದೂ ಕುಟುಂಬದ ಹೆಸರಿನಲ್ಲಿ ಬಾಡಿಗೆ ತೋರಿಸುವವರಿಗೆ ಸಿಗುವುದಿಲ್ಲ, ಪಾಲುದಾರಿಕೆ ಸಂಸ್ಥೆಗಂತೂ ಮೊದಲ ರೂಪಾಯಿಯಿಂದಲೇ ಶೇ 30. ನಿವೇಶನ ಮಾರಿದ ದೀರ್ಘಾವಧಿ ಲಾಭಕ್ಕೂ ಈ ರಿಯಾಯಿತಿ ಅನ್ವಯಿಸದು. ತೆರಿಗೆ ಸೊನ್ನೆಯೆಂದು ವಿವರಪಟ್ಟಿ ಸಲ್ಲಿಸದಿರುವುದೂ ತಪ್ಪು. ಆದಾಯ 4 ಲಕ್ಷ ದಾಟಿದವರು, ಲಾಭ ಎಷ್ಟೇ ಇದ್ದರೂ ವ್ಯಾಪಾರದ ವಹಿವಾಟು 60 ಲಕ್ಷ ದಾಟಿದವರು ಸಲ್ಲಿಸಲೇಬೇಕು.

ಹಾಗಾದರೆ ಬರೆಯಬೇಕಾದದ್ದೇನು? ಅಂಗಡಿಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಕ್ಯೂಆರ್ ಕೋಡ್ ಆ ಖಾತೆಗೆ ಮಾತ್ರ. ಬಾಡಿಗೆ ಮತ್ತು ತೋಟದ ಹಣ ಬೇರೆ ಖಾತೆಗೆ. ಒಂದು ದಿನವಹಿಯಲ್ಲಿ ಬೆಳಗಿನ ಆರಂಭ ಶಿಲ್ಕು, ದಿನದ ನಗದು ಮಾರಾಟ, ಯುಪಿಐ ಮಾರಾಟ, ಸಾಲಕ್ಕೆ ಕೊಟ್ಟದ್ದು, ಖರೀದಿ, ಖರ್ಚು, ರಾತ್ರಿಯ ಉಳಿಕೆ ಇವಿಷ್ಟು ಇದ್ದರೆ ಸಾಕು. ಗಲ್ಲಾದಿಂದ ಮನೆಗೆ ತೆಗೆದುಕೊಂಡ ಹಣವನ್ನು ‘ಸ್ವಂತಕ್ಕೆ’ ಎಂದು ಬರೆಯಬೇಕು, ಅದು ಅಂಗಡಿಯ ಖರ್ಚಲ್ಲ. ಒವೆನ್, ಫ್ರಿಜ್, ತಕ್ಕಡಿಯಂಥ ವರ್ಷಗಟ್ಟಲೆ ಬಾಳುವ ವಸ್ತುಗಳ ಬೆಲೆಯನ್ನು ಕೊಂಡ ವರ್ಷವೇ ಖರ್ಚು ಹಾಕದೆ ಪ್ರತಿವರ್ಷ ಒಂದು ಪಾಲನ್ನು ಸವಕಳಿ ಎಂದು ಕಳೆಯುವುದು ಪದ್ಧತಿ: ಯಂತ್ರಗಳಿಗೆ ಶೇ 15, ಪೀಠೋಪಕರಣಗಳಿಗೆ ಶೇ 10. ಶೇ 6 ಮತ್ತು 8ರ ಊಹೆಯ ಪದ್ಧತಿಯಲ್ಲಿರುವವರಿಗೆ ಸವಕಳಿ ಆ ಊಹೆಯಲ್ಲೇ ಸೇರಿಹೋಗಿರುತ್ತದೆ. ಮಾರ್ಚ್ 31ರ ಸಂಜೆ ಅಂಗಡಿಯಲ್ಲಿ ಉಳಿದ ಸರಕಿನ ಪಟ್ಟಿ ಮಾಡುವ ಕೆಲಸವನ್ನು ಹೆಚ್ಚಿನವರು ಮುಂದೂಡುತ್ತಾರೆ, ಅದಿಲ್ಲದೆ ನಿಜವಾದ ಲಾಭ ತಿಳಿಯುವುದಿಲ್ಲ.

2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಜಾಗದಲ್ಲಿ 2025ರ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದು, ಕಲಮುಗಳ ಸಂಖ್ಯೆಗಳು ಬದಲಾಗಿವೆ, ‘ಹಿಂದಿನ ವರ್ಷ’, ‘ಕರ ನಿರ್ಧಾರಣಾ ವರ್ಷ’ ಎಂಬ ಜೋಡಿಯ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಂದಿದೆ. ಬ್ಯಾಂಕ್ ಬಡ್ಡಿ, ಬಾಡಿಗೆಯ ಟಿಡಿಎಸ್, ದೊಡ್ಡ ಠೇವಣಿ, ಆಸ್ತಿ ಮಾರಾಟ ಮುಂತಾಗಿ ಇಲಾಖೆಗೆ ಈಗಾಗಲೇ ತಿಳಿದಿರುವ ವಿವರಗಳು ಆದಾಯ ತೆರಿಗೆ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯಿಂದ ಪ್ರವೇಶಿಸಿದರೆ ‘ಎಐಎಸ್’ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಉಚಿತವಾಗಿ ಸಿಗುತ್ತವೆ. ವಿವರಪಟ್ಟಿ ಸಲ್ಲಿಸುವ ಮುನ್ನ ಪ್ರತಿಯೊಬ್ಬ ವ್ಯಾಪಾರಿಯೂ ಮನೆ ಮಾಲೀಕನೂ ಅದನ್ನು ತನ್ನ ದಿನವಹಿಯೊಂದಿಗೆ ಒಮ್ಮೆ ತಾಳೆ ನೋಡಬೇಕು, ತಪ್ಪು ಕಂಡರೆ ಅಲ್ಲಿಯೇ ಆಕ್ಷೇಪ ದಾಖಲಿಸಬೇಕು. ಜಿಎಸ್‌ಟಿ ನೋಂದಣಿ ಇರುವವರು ಲೆಕ್ಕಪುಸ್ತಕಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಿಕೊಳ್ಳುವುದು ಕಡ್ಡಾಯ.